ಹಾಡುಹಗಲಲ್ಲೇ ಕತ್ತಲು: ನನ್ನ ಅನುಭವ

ನಾಲ್ಕನೇ ಸಲ ಟೇಪು ಹಿಡಿದು ಕಿಟಕಿ ಅಳೆಯುತ್ತಾ ನಿಂತಿದ್ದೆ. ಹೆಂಡತಿ ಬಂದು, "ರೀ, ಇದು ಮಲಗೋ ಕೋಣೆನೋ, ಬಾವಲಿ ಗವಿನೋ?" ಎಂದಳು. ದುಡ್ಡು ಸುರಿದು ಕಿಟಕಿಗೆ ರೆಡಿಮೇಡ್ ಬ್ಲೈಂಡ್ ಹಾಕಿಸದೆ ಹಗಲಲ್ಲಿ ಕೋಣೆ ಕತ್ತಲು ಮಾಡುವುದು ಆಗುವ ಕೆಲಸವಲ್ಲ ಅಂತ ಜೊತೆಯವರೂ ನಕ್ಕಿದ್ದರು. ನನಗೆ ರಾತ್ರಿ ಪಾಳಿ. ಬೆಳಗ್ಗೆ 8ರ ಹೊತ್ತಿಗೆ ಮಲಗಬೇಕು. ಈಗ ಸುಮಾರು ಎಂಟು ತಿಂಗಳಿಂದ ನಡು ಮಧ್ಯಾಹ್ನ ನನ್ನ ಕೋಣೆಯಲ್ಲಿ ನನ್ನ ಕೈ ನನಗೇ ಕಾಣುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ದಪ್ಪ ಕರ್ಟನ್ ತಂದೆ. ಮಲಗಿ ನೋಡಿದರೆ ಕೋಣೆಯೆಲ್ಲ ಬೂದಿ ಬಣ್ಣ. ಬಟ್ಟೆ ತೆಳುವಾಯಿತು ಅಂದುಕೊಂಡು ಇನ್ನೂ ದಪ್ಪದ್ದು ತಂದೆ. ಅದೇ ಬೂದಿ. ಆಮೇಲೆ ಮೊದಲನೇ ಕರ್ಟನ್ನನ್ನೇ ಬಿಸಿಲಿಗೆ ಹಿಡಿದು ನೋಡಿದೆ, ಒಂದು ಚುಕ್ಕಿ ಬೆಳಕೂ ದಾಟುತ್ತಿರಲಿಲ್ಲ! ಬಟ್ಟೆಯದ್ದು ತಪ್ಪೇ ಅಲ್ಲ. ಕರ್ಟನ್ ಸರಳಿನ ಮೇಲಿನ ಸಂದಿನಿಂದ ಬೆಳಕು ಸೂರಿಗೆ ಬಡಿದು ಇಡೀ ಕೋಣೆಗೆ ಹರಡುತ್ತಿತ್ತು. ಎರಡು ಪಕ್ಕದಿಂದ ಇನ್ನಷ್ಟು. ಈ ಸಂದುಗಳನ್ನು ನೋಡದೆ ಬಟ್ಟೆಗೆ ಸುರಿದ ದುಡ್ಡಲ್ಲಿ ಈಗಿನ ಏರ್ಪಾಡನ್ನು ಐದು ಸಲ ಮಾಡಬಹುದಿತ್ತು.

ಆಮೇಲೆ ಅಲ್ಯೂಮಿನಿಯಂ ಫಾಯಿಲ್. ಸೋಪಿನ ನೀರು ಚಿಮುಕಿಸಿ ಗಾಜಿಗೆ ಅಂಟಿಸಿ, ಅಂಚಿಗೆಲ್ಲ ಟೇಪು ಹೊಡೆದೆ. ಹತ್ತು ದಿನ ಸ್ವರ್ಗ. ಒಂದು ಮಧ್ಯಾಹ್ನ ಟಕ್ ಅಂತ ಸದ್ದು. ಯಾರೋ ಕಲ್ಲು ಹೊಡೆದರು ಅಂದುಕೊಂಡು ಎದ್ದರೆ, ಗಾಜಿನ ಮೂಲೆಯಿಂದ ಮೇಲಕ್ಕೆ ಒಂದು ಬಿರುಕು. ಫಾಯಿಲ್ ಮುಚ್ಚಿದ ಗಾಜು ಬಿಸಿಲಿಗೆ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಸೇರಿಕೊಂಡ ಅಂಚು ತಣ್ಣಗೇ ಇರುತ್ತದೆ. ಆ ಎಳೆದಾಟಕ್ಕೆ ಗಾಜು ಸೀಳಿತು. ಉಳಿದ ಗಾಜುಗಳ ಫಾಯಿಲ್ ಕಿತ್ತು ನೋಡಿದರೆ ಹಿಂದೆ ನೀರು ಕೂತು ಮೂಲೆಯಲ್ಲಿ ಕಪ್ಪು ಬೂಷ್ಟು ಬಂದಿತ್ತು. ಟೇಪಿನ ಅಂಟು ಕೆರೆಯುವುದಕ್ಕೆ ಒಂದು ರಜೆ ಹೋಯಿತು. ಹೆಚ್ಚುಕಮ್ಮಿ ಪುಕ್ಕಟೆ ಅಂದುಕೊಂಡಿದ್ದ ಉಪಾಯವೇ ಎಲ್ಲದಕ್ಕಿಂತ ದುಬಾರಿಯಾಯಿತು. ಹೊಸ ಗಾಜಿನ ಖರ್ಚು ಎರಡನೇ ಕರ್ಟನ್ನಿಗಿಂತ ಜಾಸ್ತಿ.

ಥರ್ಮೋಕೋಲನ್ನೂ ಇಟ್ಟು ನೋಡಿದೆ. ಬಿಸಿಲು ಬಿದ್ದರೆ ಅದು ದೀಪದ ಬುರುಡೆ ಥರ ಬೆಳಗುತ್ತದೆ. ಅಷ್ಟೇ, ಬಿಡಿ.

ಕೊನೆಗೆ ಗೆದ್ದಿದ್ದು ರಟ್ಟು. ವಾಷಿಂಗ್ ಮೆಷೀನ್ ಬಂದ ದೊಡ್ಡ ಡಬ್ಬಿ ಅಟ್ಟದಲ್ಲಿ ಸುಮ್ನೆ ಬಿದ್ದಿತ್ತು. ಎರಡು ಪದರ ತೆಗೆದುಕೊಂಡು, ಒಂದರ ಒಳಗಿನ ಅಲೆ ಅಲೆಯ ಏಣು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರುವ ಹಾಗೆ ಅಂಟಿಸಿದೆ. ಒಂದೇ ಪದರವಾದರೆ ವಾರದಲ್ಲಿ ಬಿಲ್ಲಿನಂತೆ ಬಾಗುತ್ತದೆ. ಹೊರಮುಖಕ್ಕೆ ಬಿಳಿ ಕಾಗದ, ಬಿಸಿಲು ವಾಪಸ್ ಹೋಗಲಿ ಅಂತ. ಒಳಮುಖಕ್ಕೆ ಕಪ್ಪು ಬಟ್ಟೆ. ಅಳತೆ ಮಾತ್ರ ಗಾಜಿನದ್ದಲ್ಲ, ಚೌಕಟ್ಟಿನದ್ದು. ನಾಲ್ಕೂ ಕಡೆ ಅರ್ಧ ಸೆಂಟಿಮೀಟರ್ ಕಮ್ಮಿ ಕತ್ತರಿಸಿ, ಬಾಗಿಲ ಸಂದಿಗೆ ಅಂಟಿಸುವ ಸ್ಪಂಜಿನ ಪಟ್ಟಿಯನ್ನು ಅಂಚಿಗೆ ಸುತ್ತಿದೆ. ಒತ್ತಿದರೆ ಬಿರಡೆ ಹಾಗೆ ಕೂರುತ್ತದೆ. ಮೊಳೆ ಬೇಡ, ಗೋಡೆ ಕೊರೆಯುವುದೂ ಬೇಡ. ಗಾಜಿಗೂ ರಟ್ಟಿಗೂ ನಾಲ್ಕೈದು ಸೆಂಟಿಮೀಟರ್ ಬಿಟ್ಟಿದ್ದೇನೆ. ಒಮ್ಮೆ ಸುಟ್ಟುಕೊಂಡವನಲ್ವಾ! ಮುಂದೆ ಅದೇ ಹಳೇ ಕರ್ಟನ್. ಖರ್ಚಾಗಿದ್ದು ಪಟ್ಟಿಗೆ, ಅಂಟಿಗೆ, ಬಟ್ಟೆಗೆ. ಬ್ಲೈಂಡಿನವರು ಹೇಳಿದ್ದರಲ್ಲಿ ಹತ್ತರಲ್ಲೊಂದು ಪಾಲೂ ಆಗಿರಲಿಕ್ಕಿಲ್ಲ.

ಮೊದಲ ದಿನ ರಟ್ಟು ಕೂರಿಸಿ, ಎರಡು ನಿಮಿಷ ನೋಡಿ, ಗೆದ್ದೆ ಅಂತ ಮಲಗಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರೆ ಕಿಟಕಿ ತುಂಬ ನಕ್ಷತ್ರ. ಕಣ್ಣು ಕತ್ತಲಿಗೆ ಒಗ್ಗಲು 20-30 ನಿಮಿಷ ಬೇಕು. ಅಷ್ಟು ಹೊತ್ತು ಕೂತು, ಸೀಮೆಸುಣ್ಣ ಹಿಡಿದು ಒಂದೊಂದೇ ತೂತಿಗೆ ಗುರುತು ಹಾಕಿದೆ. ಬಟ್ಟೆಯನ್ನು ಹೊಲಿದಿದ್ದೆ ನೋಡಿ, ಸೂಜಿ ಹೋದಲ್ಲೆಲ್ಲ ಒಂದೊಂದು ಚುಕ್ಕಿ. ಹೊಲಿಗೆ ಬಿಚ್ಚಿ ಅಂಟಿಸಿದೆ. ಮೊಬೈಲಿನ ಬೆಳಕಳೆಯುವ ಆ್ಯಪ್ ನಂಬಬೇಡಿ. ನನ್ನದು ಮೊದಲ ದಿನವೇ ಸೊನ್ನೆ ತೋರಿಸಿತ್ತು. ಹುಣ್ಣಿಮೆ ಬೆಳಕು ಕಾಲು ಲಕ್ಸ್ (ಬೆಳಕು ಅಳೆಯುವ ಮಾನ) ಆಸುಪಾಸು, ಅದರಲ್ಲಿ ನಮಗೆ ದಾರಿ ಕಾಣುತ್ತದೆ, ಆ್ಯಪಿಗೆ ಕಾಣುವುದಿಲ್ಲ.

ಆ ತೂತುಗಳಲ್ಲಿ ಒಂದು ನನ್ನ ಒಂದು ವಾರದ ನಿದ್ದೆ ತಿಂದಿತು. ಎದುರು ಗೋಡೆಯ ಮೇಲೆ ಏನೋ ಅಲುಗಾಡುತ್ತಿದೆ ಅಂತ ನೋಡಿದರೆ ಹೊರಗಿನ ಮರ, ತಲೆಕೆಳಗಾಗಿ! ರಸ್ತೆಯಲ್ಲಿ ಹೋಗುವವರು ಸೂರಿನ ಹತ್ತಿರ ತಲೆ ಕೆಳಗೆ ಮಾಡಿ ನಡೆಯುತ್ತಿದ್ದಾರೆ. ಬಣ್ಣವೂ ಇತ್ತು. ನಿದ್ದೆ ಬಿಟ್ಟು ತೂತಿನ ಪ್ರಯೋಗಕ್ಕೆ ಇಳಿದೆ. ಸಣ್ಣ ಮೊಳೆಯ ತೂತಿಗೆ ಚಿತ್ರ ಚೊಕ್ಕ, ಆದರೆ ಮಂಕು. ಪೆನ್ಸಿಲ್ ಗಾತ್ರಕ್ಕೆ ಬೆಳಕು ಜಾಸ್ತಿ, ಚಿತ್ರ ಕಲಸಿದ ಹಾಗೆ. ಬಾವಲಿ ಗವಿ ಎಂದವಳೇ ಬಂದು ಅರ್ಧ ಗಂಟೆ ಕೂತು ನೋಡಿದಳು. ಆಮೇಲೆ ತೂತು ಮುಚ್ಚಿದೆ, ಆದರೆ ತೆಗೆದು ಹಾಕಬಹುದಾದ ಟೇಪಿನಿಂದ.

ಕತ್ತಲಾಯಿತು, ಗಾಳಿ? ಮೊದಲ ವಾರ ಬೆವರಿನಲ್ಲಿ ಮಿಂದೆ. ಬೆಳಕು ನೇರ ಹೋಗುತ್ತದೆ, ಗಾಳಿ ತಿರುಗಿಯೂ ಹೋಗುತ್ತದೆ. ಹಾಗಾಗಿ ವೆಂಟಿಲೇಟರಿಗೆ ಹಿಂದೊಂದು ಮುಂದೊಂದು ರಟ್ಟು, ಒಂದಕ್ಕೆ ಕೆಳಗೆ ಕಂಡಿ, ಇನ್ನೊಂದಕ್ಕೆ ಮೇಲೆ. ನಡುವೆ ಹೊಳೆಯುವ ಕಪ್ಪು ಬಣ್ಣ ಬಳಿದು ಕೆಟ್ಟೆ, ಬೆಳಕು ಅದರ ಮೇಲೆ ಪುಟಿದು ಒಳಗೇ ಬಂತು. ಹೊಳಪಿಲ್ಲದ ಕಪ್ಪು ಬೇಕು. ಎರಡು ರಟ್ಟಿನ ನಡುವೆ ಎಷ್ಟು ಜಾಗ ಬಿಟ್ಟೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಮೂರು ಜೊತೆ ಹಾಳು ಮಾಡಿ ಕಲಿತದ್ದು ಅದು, ನೀವೂ ಒಂದೆರಡು ಹಾಳು ಮಾಡಿ.

ಬಾಗಿಲ ಕೆಳಗೆ ಸುತ್ತಿದ ಹಳೇ ಬಟ್ಟೆ. ಚಾರ್ಜರು, ರೌಟರಿನ ಕಣ್ಣುಗಳಿಗೆ ಕಪ್ಪು ಇನ್ಸುಲೇಷನ್ ಟೇಪು. ನೀಲಿಯವನ್ನು ಮೊದಲು ಮುಚ್ಚಿ, ಮೈಯೊಳಗಿನ ಗಡಿಯಾರ ಅದಕ್ಕೇ ಬೇಗ ಎಚ್ಚರಾಗುವುದು.

ಮೊದಲು ನಾಲ್ಕೂವರೆ ಗಂಟೆ ನಿದ್ದೆ ಬಂದರೆ ಪುಣ್ಯ. ಈಗ ಆರು, ಆರೂವರೆ. ತೊಂದರೆ ಉಲ್ಟಾ ಬಂತು: ಅಲಾರಂ ಆರಿಸಿ ಮತ್ತೆ ಮಲಗಿ ಎರಡು ಸಲ ಪಾಳಿಗೆ ತಡವಾಗಿ ಹೋದೆ. ಈಗ ಟೇಬಲ್ ಲ್ಯಾಂಪಿಗೆ ಟೈಮರ್ ಪ್ಲಗ್ ಹಾಕಿದ್ದೇನೆ. ಅಲಾರಂಗೆ ಕಾಲು ಗಂಟೆ ಮುಂಚೆ ದೀಪ ಹತ್ತುತ್ತದೆ.

ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳೆಯ ಮೊನ್ನೆ ತನ್ನ ಕಿಟಕಿಗೂ ಒಂದು ಮಾಡಿಕೊಡು ಅಂತ ಅಳತೆ ಕಳಿಸಿದ. ಗಾಜಿನ ಅಳತೆ. ಚೌಕಟ್ಟಿನದ್ದು ಕಳಿಸು ಮಾರಾಯ ಅಂತ ವಾಪಸ್ ಹಾಕಿದ್ದೇನೆ.