ಎಲೀಟ್ ಡೇಂಜರಸ್: ಮೊದಲ ದೂರದ ಯಾನಕ್ಕೆ ಎಲ್ಲಿಗೆ ಹೋಗಬೇಕು?

ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶ ವಿಡಿಯೋ ಗೇಮ್‌ನಲ್ಲಿ ಮೊದಲ ಸಲ ದೂರ ಹೊರಡುವಾಗ ಗ್ಯಾಲಕ್ಸಿಯ ನಡುವಿನ ಸ್ಯಾಜಿಟೇರಿಯಸ್ ಎ ಸ್ಟಾರ್ ಕಪ್ಪುಕುಳಿಗೇ ಹೋಗೋಣ ಅನಿಸುತ್ತದೆ, ಅಲ್ವಾ? ಈಗಲೇ ಬೇಡ. ಅದು ಸೂರ್ಯನಿಂದ ಸುಮಾರು 25,900 ಜ್ಯೋತಿರ್ವರ್ಷ ದೂರ. ನಿಮ್ಮ ಹಡಗು ಒಂದು ಜಂಪ್‌ಗೆ (ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಒಂದು ನೆಗೆತಕ್ಕೆ) 30 ಜ್ಯೋತಿರ್ವರ್ಷ ದಾಟಿದರೂ 860ಕ್ಕಿಂತ ಜಾಸ್ತಿ ಜಂಪ್ ಬೇಕು, ಆಮೇಲೆ ಅಷ್ಟೇ ದಾರಿ ವಾಪಸ್ ಬರಬೇಕು.

ನನ್ನ ಆಯ್ಕೆ ಓರಿಯನ್ ನೆಬ್ಯುಲಾ ಎಂಬ ಅನಿಲ, ಧೂಳಿನ ಮೋಡ. ಸುಮಾರು 1,300 ಜ್ಯೋತಿರ್ವರ್ಷ, ಅದೇ ಹಡಗಿಗೆ 45 ಜಂಪ್ ಆಸುಪಾಸು. ಅದು ಕಾಕ್‌ಪಿಟ್ ಗಾಜಿನಲ್ಲಿ ಜಂಪ್ ಜಂಪ್‌ಗೂ ದೊಡ್ಡದಾಗುತ್ತಾ ಬರುವುದನ್ನು ನೋಡುವುದೇ ಒಂದು ಖುಷಿ, ಹೋಗುತ್ತಿರುವ ಜಾಗ ಕಣ್ಣಿಗೆ ಕಾಣುತ್ತಿದ್ದರೆ ಬೇಜಾರು ಹತ್ತಿರ ಸುಳಿಯುವುದಿಲ್ಲ. ಇನ್ನೂ ಹತ್ತಿರ ಬೇಕೇ? ನಮ್ಮ ಕೃತ್ತಿಕೆ, ಅಂದರೆ ಪ್ಲಿಯೇಡಿಸ್, ಆಟದಲ್ಲಿ ಸುಮಾರು 380 ಜ್ಯೋತಿರ್ವರ್ಷದಲ್ಲೇ ಇದೆ.

ಫ್ಯೂಯಲ್ ಸ್ಕೂಪ್ (ನಕ್ಷತ್ರದಿಂದ ಇಂಧನ ಹೀರಿಕೊಳ್ಳುವ ಸಾಧನ) ಇಲ್ಲದೆ ಮಾತ್ರ ಹೊರಡಲೇಬೇಡಿ. ಇಂಧನ ಸಿಗುವುದು ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗದ ನಕ್ಷತ್ರಗಳಲ್ಲಿ. ಮ್ಯಾಪ್‌ನಲ್ಲಿ ಅವನ್ನಷ್ಟೇ ಫಿಲ್ಟರ್ ಮಾಡಿ ರೂಟ್ ಹಾಕಿ. ಹಡಗು ಸಿಡಿದರೆ ನಕ್ಷತ್ರ, ಗ್ರಹಗಳನ್ನು ಸ್ಕ್ಯಾನ್ ಮಾಡಿ ಗಳಿಸಿ ಮಾರದೆ ಉಳಿದ ಡೇಟಾ ಎಲ್ಲ ಹೋಗುತ್ತದೆ, ಹಾಗಾಗಿ ದಾರಿಯಲ್ಲಿ ಸ್ಟೇಷನ್ ಸಿಕ್ಕಾಗಲೆಲ್ಲ ಮಾರಿಬಿಡಿ.