ಅಡಿಕೆ ಮರದ ಹಸಿರು ಹಲ್ಲಿ: ಅಂಡಮಾನಿನಲ್ಲಿ ನನ್ನ ಅನುಭವ

ಅಂಡಮಾನಿನ ಹಸಿರು ಹಲ್ಲಿಯನ್ನು ನೋಡಲು ಕಾಡಿಗೇ ಹೋಗಬೇಕೆಂದಿಲ್ಲ. ದಕ್ಷಿಣ ಅಂಡಮಾನಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಾನು ಇದನ್ನು ಹೆಚ್ಚಾಗಿ ಕಂಡದ್ದು ಮನೆಯ ಹಿಂದಿನ ಅಡಿಕೆ, ಬಾಳೆ, ತೆಂಗಿನ ಮೇಲೆ. ಬಾಲವೂ ಸೇರಿ ಸುಮಾರು 13 ಸೆಂ.ಮೀ. ಉದ್ದ. ಗಿಣಿಹಸಿರು ಮೈ, ಬೆನ್ನಿಗೆ ಕೆಂಪು ಚುಕ್ಕೆ. ಗಂಡಿನ ಬಾಲಕ್ಕೆ ನೀಲಿ ಛಾಯೆ.

ನಮ್ಮ ಗೋಡೆಯ ಹಲ್ಲಿ ರಾತ್ರಿಯದು, ಇದು ಹಗಲಿನದು. ಕಣ್ಣು ನೋಡಿದರೆ ಸಾಕು: ಗೋಡೆ ಹಲ್ಲಿಯ ಪಾಪೆ ಬೆಳಕಿನಲ್ಲಿ ಸೀಳುಗೆರೆಯಾಗುತ್ತದೆ, ಇದರದು ದುಂಡಗೆ. ಹಾಗಾಗಿ ಟಾರ್ಚ್ ಹಿಡಿದು ರಾತ್ರಿ ಅಲೆಯುವುದು ವ್ಯರ್ಥ. ಬೆಳಗಿನ ಬಿಸಿಲು ಕಾಂಡಕ್ಕೆ ತಾಗುವ ಹೊತ್ತಿಗೆ ನಾನು ಒಂದೇ ಮರದ ಮುಂದೆ ಕುಳಿತುಬಿಡುತ್ತಿದ್ದೆ. ಚಳಿಯಲ್ಲಿ ಮಂಕಾಗಿರುವ ಮೈ ಬಿಸಿಲು ಕಾದಂತೆ ಹೊಳೆಯತೊಡಗುತ್ತದೆ. ಈ ಹಲ್ಲಿ ಸೇರಿರುವ ಫೆಲ್ಸೂಮಾ ಕುಲದ ಹಲ್ಲಿಗಳ ಹಸಿರು ಒಂದೇ ಬಣ್ಣದಿಂದ ಬಂದದ್ದಲ್ಲ. ಚರ್ಮದೊಳಗಿನ ಸೂಕ್ಷ್ಮ ಹರಳುಗಳು ನೀಲಿ ಬೆಳಕನ್ನು ಹಿಂದಿರುಗಿಸುತ್ತವೆ, ಅದರ ಮೇಲೆ ಹಳದಿ ವರ್ಣಕೋಶಗಳ ಪದರ. ಹೆದರಿದರೆ ಮತ್ತೆ ಕಪ್ಪಿಡುತ್ತದೆ. ಕಪ್ಪಿಟ್ಟಾಗ ನಾನು ಕ್ಯಾಮೆರಾ ಇಳಿಸಿ ಹಿಂದೆ ಸರಿಯುತ್ತಿದ್ದೆ.

ಚಿತ್ರ ತೆಗೆಯುವುದೇ ದೊಡ್ಡ ಪೇಚು. ನಾವು ಒಂದು ಹೆಜ್ಜೆ ಇಟ್ಟರೆ ಅದು ಕಾಂಡದ ಮರೆಗೆ. ಸುತ್ತು ಹಾಕಿದರೆ ಅದೂ ಸುತ್ತು ಹಾಕುತ್ತದೆ. ಗೆಳೆಯನೊಬ್ಬನನ್ನು ಮರದ ಆಚೆ ಬದಿ, ನಾಲ್ಕು ಮಾರು ದೂರದಲ್ಲಿ ನಿಲ್ಲಿಸಿದ ಮೇಲೆ ಹಲ್ಲಿ ತಾನಾಗಿ ನನ್ನ ಕಡೆಗೇ ಬರತೊಡಗಿತು. ಕೆಲವರು ಬೆಲ್ಲದ ನೀರು ಸವರಿ ಕರೆಯುತ್ತಾರೆ. ಬರುತ್ತದೆ ನಿಜ, ಹುಳುಗಳ ಜೊತೆಗೆ ಮಕರಂದವನ್ನೂ ಹಣ್ಣಿನ ರಸವನ್ನೂ ನೆಕ್ಕುವ ಪ್ರಾಣಿ ಇದು. ಆದರೆ ಅಂಥ ಚಿತ್ರದಲ್ಲಿ ಹಲ್ಲಿಯ ಬದುಕಿಗಿಂತ ನಮ್ಮ ಬೆಲ್ಲವೇ ಹೆಚ್ಚು ಕಾಣುತ್ತದೆ. ಬಾಳೆಯ ಹೂವು ಅರಳಿರುವ ಗೊನೆಯ ಬಳಿ ಕಾಯುವುದು ನನಗೆ ಹಿಡಿಸಿದ ದಾರಿ.

ಕೆಲವು ಹೆಣ್ಣುಗಳ ಕತ್ತಿನ ಎರಡೂ ಬದಿ ಉಬ್ಬಿರುತ್ತದೆ. ರೋಗವಲ್ಲ, ಸುಣ್ಣದ ಚೀಲ. ಮೊಟ್ಟೆಯ ಗಟ್ಟಿ ಚಿಪ್ಪಿಗೆ ಬೇಕಾದ ದಾಸ್ತಾನು. ಸಾಮಾನ್ಯವಾಗಿ ಒಮ್ಮೆಗೆ ಎರಡು ಮೊಟ್ಟೆ.

ಹಿಡಿಯಲು ಮಾತ್ರ ಹೋಗಬಾರದು. ಬಾಲ ಕಳಚುವುದು ಎಲ್ಲರಿಗೂ ಗೊತ್ತು. ಈ ಕುಲದಲ್ಲಿ ಚರ್ಮವೂ ಬೆರಳಿಗಂಟಿ ಹರಿದು ಬರುವಷ್ಟು ನಾಜೂಕು. ಸಾಕುವ ಶೋಕಿಯವರ ಕಣ್ಣು ಇವುಗಳ ಮೇಲಿರುವುದರಿಂದಲೇ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಎಂಬ ವನ್ಯಜೀವಿ ವ್ಯಾಪಾರ ಒಪ್ಪಂದದ ಕಡಿವಾಣವಿದೆ.

ನನ್ನನ್ನು ಇಂದಿಗೂ ಕಾಡುವುದು ಇದರ ನೆಂಟಸ್ತಿಕೆ. ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ 19ನೇ ಶತಮಾನದಲ್ಲಿ ವಿವರಿಸಿದ ಈ ಫೆಲ್ಸೂಮಾ ಅಂಡಮಾನೆನ್ಸಿಸ್ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅದರ ದಾಯಾದಿಗಳಲ್ಲಿ ಬಹುಪಾಲು ಮಡಗಾಸ್ಕರ್, ಮಾರಿಷಸ್, ಸೇಶೆಲ್ಸ್‌ಗಳಲ್ಲಿ, ಸಾವಿರಾರು ಕಿಲೋಮೀಟರ್ ಸಮುದ್ರದಾಚೆ ಇವೆ. ನಡುವಿನ ನಮ್ಮ ಕರಾವಳಿಯಲ್ಲೂ ಅಡಿಕೆ ತೋಟಗಳೇನು ಕಡಿಮೆಯೇ? ಅಲ್ಲಿ ಮಾತ್ರ ಒಂದೂ ಇಲ್ಲ.