8 ನಾಟ್ ಗಾಳಿ, ಸ್ಟೂಡೆಂಟ್ ಜೇಬು: ನಾನು ಮಾಡಿದ್ದು ಹೀಗೆ

"ಇಲ್ಲಿ ಗಾಳೀನೇ ಇಲ್ಲ ಮಾರಾಯ, ವಿಂಡ್‌ಸರ್ಫಿಂಗ್ ಆಗ್ಬೇಕಂದ್ರೆ 9.5, 10 ಮೀಟರ್ ಸೈಲ್ ಬೇಕು, ಕೈಟ್ ಆದ್ರೆ 17 ಬೇಕು, ಅಷ್ಟು ದುಡ್ಡೆಲ್ಲಿದೆ ನಿನ್ ಹತ್ರ" ಅಂತ ಕೇಳಿ ಕೇಳಿ ಸಾಕಾಗಿತ್ತು. (ವಿಂಡ್‌ಸರ್ಫಿಂಗ್ ಅಂದ್ರೆ ಸೈಲ್, ಅಂದ್ರೆ ಹಾಯಿ ಕಟ್ಟಿದ ಬೋರ್ಡ್, ಕೈಟ್ ಅಂದ್ರೆ ದೊಡ್ಡ ಗಾಳಿಪಟ ಎಳೆಯೋ ಬೋರ್ಡ್, ಮೀಟರ್ ಅಂದ್ರೆ ಇಲ್ಲಿ ಚದರ ಮೀಟರ್.) ಹೇಳಿದವರೆಲ್ಲ ನನಗಿಂತ ಚೆನ್ನಾಗಿ ಓಡಿಸೋರೇ, ಅದರಲ್ಲಿ ಡೌಟಿಲ್ಲ. ಆದ್ರೆ ಈಗ 8 ನಾಟ್ (ಗಂಟೆಗೆ ಸುಮಾರು 15 ಕಿಮೀ) ಗಾಳಿ ಬಂದ್ರೆ ಅವರು ದಡದಲ್ಲಿ ಕೂತು ಮೊಬೈಲ್ ಒತ್ತುತಿರ್ತಾರೆ, ನಾನು ಫಾಯಿಲ್ (ಬೋರ್ಡ್ ಕೆಳಗೆ ಕಂಬದ ತುದೀಲಿ ನೀರೊಳಗಿರೋ ರೆಕ್ಕೆ, ಓಡ್ತಿದ್ರೆ ಬೋರ್ಡನ್ನ ಮೇಲೆತ್ತುತ್ತೆ) ಹಾಕ್ಕೊಂಡು ನೀರಿಂದ ಒಂದಡಿ ಮೇಲೆ ಹೋಗ್ತಿರ್ತೀನಿ. ಹೇಗೆ ಅಂತ ಬೇಕಾದಷ್ಟು ಜನ ಕೇಳಿದ್ರು, ಒಬ್ಬೊಬ್ಬರಿಗೂ ಹೇಳೋಕಾಗಲ್ಲ, ಅದಕ್ಕೇ ಬರೀತಿದೀನಿ. ವಾಟರ್ ಸ್ಟಾರ್ಟ್ (ನೀರಲ್ಲಿದ್ದೇ ಸೈಲ್ ಎಳೆತದಿಂದ ಬೋರ್ಡ್ ಮೇಲೆ ಏಳೋದು), ಹಾರ್ನೆಸ್ (ಎಳೆತ ತಡ್ಕೊಳ್ಳೋ ಸೊಂಟದ ಪಟ್ಟಿ), ಅಪ್‌ವಿಂಡ್ (ಗಾಳಿ ಬರೋ ಕಡೆಗೆ ಓರೆಯಾಗಿ ಹೋಗೋದು) ಇವೆಲ್ಲ ಬರೋರಿಗೆ ಇದು.

ನಮ್ಮದು ಪಕ್ಕಾ ಕಡಲ ಗಾಳಿ ಜಾಗ. ಬೆಳಿಗ್ಗೆ ನೀರು ಅಲುಗಾಡಲ್ಲ, 11-12ಕ್ಕೆ ಸಣ್ಣಗೆ ಶುರುವಾಗುತ್ತೆ, 2ರಿಂದ 4 ಪೀಕು, ಬಿಸಿಲು ಇಳಿದ ಹಾಗೆ ಗಾಳೀನೂ ಇಳಿಯುತ್ತೆ. ಪೀಕು ಅಂದ್ರೂ 8ರಿಂದ 11 ನಾಟ್, ಪುಣ್ಯ ಇದ್ರೆ 13. ಲ್ಯಾಬ್ ಇರೋದೂ ಸರಿಯಾಗಿ 2 ಗಂಟೆಗೇ, ಆ ಗೋಳು ಬೇಡ. ಗಾಳಿಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ ಅನ್ನೋದು ಗೊತ್ತಿರೋದೇ, ಅಂದ್ರೆ 12 ನಾಟಲ್ಲಿ 6 ಮೀಟರ್ ಸೈಲ್ ಕೊಡೋ ಎಳೆತ 8 ನಾಟಲ್ಲಿ ಬೇಕಂದ್ರೆ 13 ಮೀಟರ್ ಮೇಲೇ ಬೇಕು. ಅಷ್ಟು ದೊಡ್ಡದನ್ನ ಎತ್ತೋರ್ಯಾರು? ಸೈಲ್ ದೊಡ್ಡದು ಮಾಡ್ತಾ ಹೋದ್ರೆ ಈ ಲೆಕ್ಕ ಯಾವತ್ತೂ ತೀರಲ್ಲ, ಬೋರ್ಡ್ ನೀರಲ್ಲಿ ಉಜ್ಜೋದನ್ನ ಕಮ್ಮಿ ಮಾಡ್ಬೇಕು ಅಂತ ನಾನು ಆಗ್ಲೇ ಹೇಳ್ತಿದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಆದ್ರೂ ಮೊದಲು ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ 9.5, ಸರಿ ನೋಡೇ ಬಿಡೋಣ ಅಂತ ತಗೊಂಡೆ. ಹಳೇ ಸೈಲ್ ಸಸ್ತಾ ಸಿಗುತ್ತೆ ನಿಜ, ಆದ್ರೆ ಅದರ ಹಿಂದೆ 490 ಸೆಂಟಿಮೀಟರ್ ಮಾಸ್ಟ್ (ಸೈಲಿನ ಕಂಬ), ಉದ್ದದ ಬೂಮ್ (ಕೈಲಿ ಹಿಡಿಯೋ ಅಡ್ಡಕೋಲು), ದೊಡ್ಡ ಫಿನ್ (ಬೋರ್ಡ್ ಕೆಳಗಿನ ರೆಕ್ಕೆ) ಅಂತ ಸಂಸಾರಾನೇ ಬರುತ್ತೆ. ಮಾಸ್ಟ್ ಒಂದಕ್ಕೇ ಸೈಲ್‌ನ ಎರಡರಷ್ಟು ಬಿತ್ತು, ಅದೂ ಕಾರ್ಬನ್ ಕಮ್ಮಿ ಇರೋ ಭಾರದ ಮಾಸ್ಟು. ನಾನಿರೋದು ಹೆಚ್ಚೂ ಕಮ್ಮಿ 62 ಕೆಜಿ. ಆ ರಿಗ್ಗನ್ನ (ಮಾಸ್ಟು, ಬೂಮು, ಸೈಲು ಎಲ್ಲಾ ಸೇರಿ) ನೀರಿಂದ ಎಳೆದು ನಿಲ್ಲಿಸೋದ್ರಲ್ಲೇ ಸೊಂಟ ಹಿಡ್ಕೊಳ್ತಿತ್ತು, ಆಮೇಲೆ ಪಂಪ್ ಮಾಡೋಕೆ (ಸೈಲನ್ನ ಬೀಸಣಿಗೆ ಥರ ಎಳೆದು ಸ್ಪೀಡ್ ತರೋಕೆ) ಏನೂ ಉಳೀತಿರ್ಲಿಲ್ಲ. 12 ಬಂದ ದಿನ ಪ್ಲೇನ್ ಆಗ್ತಿತ್ತು (ಬೋರ್ಡ್ ನೀರ ಮೇಲೆ ಜಾರ್ತಿತ್ತು), ಮಜಾನೂ ಬರ್ತಿತ್ತು, ಅಂಥ ದಿನ ಎಷ್ಟಿರುತ್ತೆ ಹೇಳಿ. ಬಿಸಿಲಿಗೆ ಮೊದಲೇ ಹಳದಿ ತಿರುಗಿದ್ದ ಮಾನೋಫಿಲ್ಮ್ (ಸೈಲಿನ ಪ್ಲಾಸ್ಟಿಕ್ ಹಾಳೆ) ಒಂದಿನ ಡೌನ್‌ಹಾಲ್ (ಸೈಲನ್ನ ಕೆಳಕ್ಕೆ ಬಿಗಿಯೋ ಹಗ್ಗ) ಎಳೀತಿದ್ದಾಗ ಲಫ್ (ಮಾಸ್ಟ್ ಕಡೆ ಅಂಚು) ಪಕ್ಕದಲ್ಲಿ ಪರ್ ಅಂತ ಬಿಟ್ಕೊಳ್ತು, ಟೇಪ್ ಹಾಕಿದೆ, ಟೇಪ್ ಪಕ್ಕದಲ್ಲಿ ಹರೀತು, ಅಲ್ಲೂ ಹಾಕಿದೆ, ಕೊನೆಗೆ ಸೈಲಿಗಿಂತ ಟೇಪೇ ಜಾಸ್ತಿ ಕಾಣ್ತಿತ್ತು. ಬೂಮು ಫಿನ್ನು ಮಾರಿದಾಗ ಹಾಕಿದ ದುಡ್ಡಲ್ಲಿ ಅರ್ಧಾನೂ ಬರಲಿಲ್ಲ.

ಆಮೇಲೆ ಫಾಯಿಲ್. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ವಿಂಡ್‌ಸರ್ಫಿಂಗ್ ಐಕ್ಯೂಫಾಯಿಲ್ ಆಯ್ತು, ಫಾರ್ಮುಲಾ ಕೈಟೂ ಬಂತು, ಎರಡೂ ಫಾಯಿಲ್ ಮೇಲೇ. ನಾನು ಅದನ್ನ ತೋರಿಸಿದ್ರೆ "ಅದು ಒಲಿಂಪಿಕ್ಸ್‌ನವರಿಗೆ ಕಣೋ" ಅಂದ್ರು. ನನಗೆ ಬೇಕಾಗಿದ್ದು ರೇಸ್ ಸೆಟ್ಟಲ್ಲ, ದೊಡ್ಡ ಫ್ರಂಟ್ ವಿಂಗ್ ಇರೋ ಅಲ್ಯೂಮಿನಿಯಂ ಮಾಸ್ಟಿನ (ಇಲ್ಲಿ ಮಾಸ್ಟ್ ಅಂದ್ರೆ ಫಾಯಿಲ್‌ನ ಕಂಬ) ನಿಧಾನದ ಫಾಯಿಲ್ಲು, ಅದನ್ನ ಸ್ಪೀಡ್ ಹುಚ್ಚಿರೋರು ಬೇಗ ಮಾರಿಬಿಡ್ತಾರೆ. ಹೊಸದರ ಮೂರರಲ್ಲೊಂದು ಭಾಗಕ್ಕೆ ಸಿಕ್ತು. ಟ್ಯೂಷನ್ ಹೇಳಿ ಕೂಡಿಟ್ಟಿದ್ದೆಲ್ಲ ಅದಕ್ಕೇ ಹೋಯ್ತು.

ಅದನ್ನ ನನ್ನ ಹಳೇ 135 ಲೀಟರ್ ಫ್ರೀರೈಡ್ ಬೋರ್ಡಿಗೇ ಹಾಕಿದೆ, ಡೀಪ್ ಟಟಲ್ ಬಾಕ್ಸ್ (ಫಿನ್ ಕೂರಿಸೋ ಆಳದ ಗೂಡು), ಸರಿಯಾಗಿ ಕೂತ್ಕೊಳ್ತು. ಕೂತ್ಕೊಂಡ್ರೆ ಸಾಲದು ಅನ್ನೋದು ಇಲ್ಲಿ ಗಮನಿಸಿ. 90 ಸೆಂಟಿಮೀಟರ್ ಫಾಯಿಲ್ ಮಾಸ್ಟ್ ಬಾಕ್ಸನ್ನ ಹಾರೆ ಹಾಕಿ ಮೀಟಿದ ಹಾಗೆ ಮೀಟುತ್ತೆ, ಫಿನ್ನಿಗೆ ಅಂತ ಮಾಡಿದ ಬಾಕ್ಸು ಅದನ್ನ ತಡ್ಕೊಳ್ಳಲ್ಲ. ಕೆಲವು ವಾರಕ್ಕೇ ಬಾಕ್ಸ್ ಸುತ್ತ ಕೂದಲೆಳೆಯಂಥ ಗೆರೆ ಬಂತು, ಬೋರ್ಡ್ ತಲೆಕೆಳಗು ಮಾಡಿ ಹೆಬ್ಬೆರಳಲ್ಲಿ ಒತ್ತಿದ್ರೆ ಗೆರೆಯಿಂದ ಸಣ್ಣ ಸಣ್ಣ ಗುಳ್ಳೆ, ಹಿಂದೇನೇ ಉಪ್ಪು ನೀರು. ಒಣಗೋಕೇ ಎಷ್ಟೋ ದಿನ ಹಿಡೀತು. ಸುತ್ತ ಕೆರೆದು, ಒಡೆದಿದ್ದ ಫೋಮ್ ತೆಗೆದು, ಗಟ್ಟಿ ಫೋಮ್ ತುಂಬಿ, ಬಾಟಮ್ಮಿಂದ ಡೆಕ್‌ವರೆಗೆ ಬಾಕ್ಸನ್ನ ಕಾರ್ಬನ್ ಬಟ್ಟೆಯಲ್ಲಿ ಕಟ್ಟಿ ಎಪಾಕ್ಸಿ ಹಾಕಿದೆ. ಅರ್ಧ ಕೆಜಿ ಭಾರ ಜಾಸ್ತಿ ಆಯ್ತು ಅನ್ಸುತ್ತೆ, ಇವತ್ತಿನವರೆಗೂ ಅಲುಗಾಡಿಲ್ಲ. ರಿಪೇರಿಗೆ ಕೇಳಿದಾಗ ಒಬ್ಬರು "ಬೋರ್ಡ್ ಬಿಸಾಕು" ಅಂದಿದ್ರು. ನಿಮಗೆ ಫಾಯಿಲ್ ರೆಡಿ ಬೋರ್ಡ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಈ ಕೆಲಸ ಎಲ್ಲರ ಕೈಯಲ್ಲಿ ಆಗಲ್ಲ.

ಇನ್ನೊಂದು, ಸ್ಟೀಲ್ ಬೋಲ್ಟು ಅಲ್ಯೂಮಿನಿಯಂ ಒಳಗೆ, ಮಧ್ಯೆ ಉಪ್ಪು ನೀರು, ಕಚ್ಕೊಂಡು ಕೂತ್ಬಿಡುತ್ತೆ. ನಂದು ಒಂದು ಬೋಲ್ಟ್ ಡ್ರಿಲ್ ಮಾಡೇ ತೆಗೆದಿದ್ದು. ಪ್ರತಿ ಸಲ ಬಿಚ್ಚಿ ಸಿಹಿ ನೀರಲ್ಲಿ ತೊಳೆದು ಗ್ರೀಸ್ ಹಾಕಿ.

ಸೈಲ್ 7.0 ಅಷ್ಟೇ, 430 ಸೆಂಟಿಮೀಟರ್ ಮಾಸ್ಟು, ಬಸ್ಸಲ್ಲೂ ಹಿಡಿಸುತ್ತೆ. ಔಟ್‌ಹಾಲ್ (ಸೈಲನ್ನ ಬೂಮ್ ತುದಿಗೆ ಬಿಗಿಯೋ ಹಗ್ಗ) ಸಡಿಲ ಬಿಟ್ಟು ಸೈಲಿಗೆ ಹೊಟ್ಟೆ ಬರಿಸ್ತೀನಿ, ಬೂಮ್ ಮಾಮೂಲಿಗಿಂತ ಸ್ವಲ್ಪ ಮೇಲೆ. ನೀರ ಮೇಲೆ ಕಪ್ಪು ಮಚ್ಚೆ ಹಾಗೆ ಗಾಳಿ ಬರೋದು ಕಾಣುತ್ತಲ್ಲ, ಅದು ತಲುಪೋ ಮುಂಚೆನೇ ಬೋರ್ಡ್ ಬ್ರಾಡ್ ರೀಚಿಗೆ (ಗಾಳಿ ಹಿಂದಿನಿಂದ ಓರೆಯಾಗಿ ಬರೋ ದಿಕ್ಕಿಗೆ) ತಿರುಗಿಸಿ, ಬಂದ ತಕ್ಷಣ ಮೂರ್ನಾಲ್ಕು ಉದ್ದದ ಪಂಪ್, ಕೊನೇ ಪಂಪಿಗೆ ಹಿಂದಿನ ಕಾಲಿಗೆ ಭಾರ, ಎದ್ದ ಕೂಡ್ಲೇ ಭಾರ ಮುಂದಿನ ಕಾಲಿಗೆ. ಇಲ್ಲಿ ತಡ ಮಾಡಿದ್ರೆ ಫಾಯಿಲ್ ನೀರಿಂದ ಹೊರಗೆ ಬಂದು ನೀವು ರಿಗ್ ಮೇಲೆ. ಒಂದ್ಸಲ ಹಾರಿದ್ರೆ ಆಯ್ತು, ಉಜ್ಜೋದು ನಿಂತು ಸ್ಪೀಡ್ ಏರುತ್ತೆ, ಸ್ಪೀಡ್ ಏರಿದ್ರೆ ಅಪ್ಪರೆಂಟ್ ವಿಂಡ್ (ಓಡ್ತಿರೋ ನಮಗೆ ತಾಗೋ ಗಾಳಿ) ಏರುತ್ತೆ, ಗಾಳಿ 6ಕ್ಕೆ ಇಳಿದ್ರೂ ತಳ್ಕೊಂಡು ಹೋಗ್ಬಹುದು. ಹಾಗಾಗಿ ನಾನು ಆವರೇಜ್ ಗಾಳಿ ನೋಡೋದೇ ಬಿಟ್ಟೆ, ಏಳೋಕೆ ಬೇಕಾದ ಒಂದು ಗಸ್ಟ್ (ಜೋರು ಬೀಸು) ಸಿಗುತ್ತಾ ಅಂತ ಮಾತ್ರ ನೋಡ್ತೀನಿ. ಹಿಂದಿನ ಚಿಕ್ಕ ವಿಂಗ್ ಕೆಳಗೆ ಒಂದು ಶಿಮ್ (ಓರೆ ಬದಲಿಸೋ ತೆಳು ತುಂಡು) ಇಟ್ಟಿದೀನಿ, ಎಷ್ಟು ಡಿಗ್ರಿ, ಯಾವ ಕಡೆಗೆ ಅಂತ ಹೇಳಲ್ಲ, ಸುಮಾರು ಪ್ಲಾಸ್ಟಿಕ್ ತುಂಡು ಕತ್ತರಿಸಿ ಕಂಡ್ಕೊಂಡಿದ್ದು ಅದು.

ಈಗ ಕೈಟ್. ನನ್ನ ಹತ್ರ ಒಂದು ಹಳೇ 15 ಮೀಟರ್ ಸಿಂಗಲ್ ಸ್ಟ್ರಟ್ (ಗಾಳಿ ತುಂಬೋ ಅಡ್ಡ ಪಕ್ಕೆಲುಬು ಒಂದೇ ಇರೋದು) ಇದೆ. ಬ್ಲಾಡರ್ (ಒಳಗಿನ ಗಾಳಿ ಚೀಲ) ವಾಲ್ವ್ ಹತ್ರ ಲೀಕು, ಸೋಪ್ ನೀರು ಹಾಕಿ ಹುಡುಕಿ ಅಂಟಿಸಿದೆ, ಆಗಾಗ ಮತ್ತೆ ಬಿಡುತ್ತೆ. ಬೋರ್ಡಿಗೆ ದುಡ್ಡಿರ್ಲಿಲ್ಲ, ತೆಳು ಪ್ಲೈವುಡ್ ಎರಡು ಪದರ ಅಂಟಿಸಿ ಸುಮಾರು 160ಕ್ಕೆ 46 ಸೆಂಟಿಮೀಟರ್, ರಾಕರ್ (ಉದ್ದಕ್ಕೆ ಇರೋ ಬಾಗು) ಹೆಚ್ಚೂ ಕಮ್ಮಿ ಇಲ್ಲದ ಹಾಗೆ ಚಪ್ಪಟೆ ಮಾಡಿದೆ. ನೋಡಿದವರೆಲ್ಲ "ಬಾಗಿಲು ತಂದ" ಅಂತ ನಕ್ಕರು. ಅದೇ ಬಾಗಿಲು 10-11 ನಾಟಲ್ಲಿ ಅವರ 138 ಸೆಂಟಿಮೀಟರ್ ಟ್ವಿನ್‌ಟಿಪ್ (ಮಾಮೂಲಿ ಕೈಟ್ ಬೋರ್ಡ್) ಮುಳುಗ್ತಿದ್ದಾಗ ಅಪ್‌ವಿಂಡ್ ಹೋಯ್ತು. ಒಂದು ಸೀಸನ್ನಿಗೆ ಅಂಚಲ್ಲಿ ನೀರು ಕುಡಿದು ಪದರ ಬಿಟ್ಕೊಳ್ತು, ಎರಡನೇದಕ್ಕೆ ಅಂಚು ಪೂರ್ತಿ ಎಪಾಕ್ಸಿ ಕುಡಿಸಿದೆ, ಅದು ನಡೀತಿದೆ.

ಲೈನಿಗೆ 4 ಮೀಟರ್ ಎಕ್ಸ್‌ಟೆನ್ಷನ್ ಹಾಕಿದ್ದು ಕೆಲಸ ಮಾಡ್ತು, ಕೈಟನ್ನ ಅಲೆ ಥರ ಮೇಲೆ ಕೆಳಗೆ ಓಡಿಸಿದಾಗ ಅದು ಜಾಸ್ತಿ ದೂರ ಓಡುತ್ತೆ, ಎಳೆತ ಹೆಚ್ಚು ಹೊತ್ತು ಸಿಗುತ್ತೆ. ತಿರುಗೋದು ಮಾತ್ರ ನಿಧಾನ. ಆದ್ರೆ ಕಮ್ಮಿ ಗಾಳೀಲಿ ಕೈಟ್‌ನ ನಿಜವಾದ ತಲೆನೋವು ಎಳೆತ ಅಲ್ಲ, ರೀಲಾಂಚ್ (ಬಿದ್ದ ಕೈಟನ್ನ ನೀರಿಂದ ಮತ್ತೆ ಏರಿಸೋದು). ಲೈನ್ ಸಡಿಲಾಗಿ ಕೈಟ್ ಬಿತ್ತು ಅಂದ್ರೆ 7 ನಾಟಲ್ಲಿ ಅದು ಏಳಲ್ಲ, ಲೀಡಿಂಗ್ ಎಡ್ಜ್ (ಗಾಳಿ ತುಂಬಿದ ಮುಂದಿನ ಅಂಚು) ಕೆಳಗೆ ಮಾಡ್ಕೊಂಡು ಒದ್ದೆ ಹಾಸಿಗೆ ಥರ ಬಿದ್ದಿರುತ್ತೆ, ನೀವು ಲೈನ್ ಸುತ್ತಿ ಈಜ್ಕೊಂಡು ಬರ್ಬೇಕು. ವಿಂಡ್‌ಫಾಯಿಲಲ್ಲಿ ಸೈಲ್ ಬಿದ್ರೆ ಬೋರ್ಡ್ ಮೇಲೆ ನಿಂತು ಅಪ್‌ಹಾಲ್ (ಸೈಲ್ ಎತ್ತೋ ಹಗ್ಗ) ಎಳೆದ್ರೆ ಮುಗೀತು, ಗಾಳಿ ತೀರಾ ಇಳಿದ್ರೂ ನಿಂತ್ಕೊಂಡು ಮೆಲ್ಲಗೆ ದಡಕ್ಕೆ ಬರಬಹುದು. ಅದಕ್ಕೇ 10ರ ಕೆಳಗೆ ನಾನು ಕೈಟ್ ಬಿಚ್ಚೋದೇ ಇಲ್ಲ, ಯಾರು ಏನೇ ಅನ್ಲಿ. ದಡದಿಂದ ಸಮುದ್ರದ ಕಡೆ ಬೀಸ್ತಿದ್ರೆ ಎರಡೂ ಬೇಡ, ಅದರಲ್ಲಿ ಚರ್ಚೆ ಇಲ್ಲ.

ಮಧ್ಯೆ ಫ್ರೆಂಡ್ ಒಬ್ಬನ 6 ಮೀಟರ್ ವಿಂಗ್ (ಕೈಲಿ ಹಿಡಿಯೋ, ಗಾಳಿ ತುಂಬಿದ ಸೈಲ್) ಹಿಡ್ಕೊಂಡು ನನ್ನ ಫಾಯಿಲ್ಲಲ್ಲೇ ಟ್ರೈ ಮಾಡಿದೆ. 12ರ ಮೇಲೆ ಚೆನ್ನಾಗಿದೆ, 8ರಲ್ಲಿ ಬರೀ ಕೈ ನೋವು. ಪ್ಯಾಕಿಂಗ್ ಸಲೀಸು ಅನ್ನೋದೊಂದೇ ಪ್ಲಸ್ಸು.

ಗಾಳಿ ಬರುತ್ತಾ ಇಲ್ವಾ ಅಂತ ಬೆಳಿಗ್ಗೆ 11ಕ್ಕೇ ಹೇಳ್ತೀನಿ, ನಾಲ್ಕರಲ್ಲಿ ಮೂರು ಸಲ ಸರಿಯಿರುತ್ತೆ. ಬೆಳಿಗ್ಗೆ ದಡದಿಂದ ಸಣ್ಣ ಗಾಳಿ ಇದ್ದು, ಆಕಾಶ ಕ್ಲಿಯರ್ ಇದ್ದು, 11ರ ಹೊತ್ತಿಗೆ ನೆಲದ ಮೇಲೆ ಹತ್ತಿ ಮೋಡ ಏಳ್ತಿದ್ರೆ ಲ್ಯಾಬ್ ಪಾರ್ಟ್ನರ್‌ಗೆ ಮೆಸೇಜ್ ಹಾಕ್ತೀನಿ. ಮೇಲೆ ತೆಳ್ಳಗೆ ಪರದೆ ಥರ ಮೋಡ ಮುಚ್ಚಿದ್ರೆ ಕ್ಲಾಸಿಗೇ ಹೋಗೋದು. ಇನ್ನೊಂದು ಗುರುತಿದೆ, ಅದು ನನ್ನ ಹತ್ರಾನೇ ಇರ್ಲಿ.

ಸಮುದ್ರದ ಇಳಿತದ ಟೈಮಲ್ಲಿ ಮಾತ್ರ ಫಾಯಿಲ್ ಸಮಸ್ಯೆ, ಎದೆ ಮಟ್ಟ ನೀರು ಸಿಗೋವರೆಗೂ ಬೋರ್ಡ್ ಮಗುಚಿಕೊಂಡು ನಡೀಬೇಕು, ಮರಳು ದಿಬ್ಬಕ್ಕೆ ಒಂದ್ಸಲ ತಗುಲಿ ಫ್ರಂಟ್ ವಿಂಗ್ ಮೂಲೆ ಹಾರಿದೆ. ಅದಕ್ಕೆ 60 ಸೆಂಟಿಮೀಟರ್ ಮಾಸ್ಟ್ ಒಂದನ್ನ ಹುಡುಕ್ತಿದೀನಿ, ಹಳೇದಾದ್ರೂ ಪರವಾಗಿಲ್ಲ, ಬೋಲ್ಟ್ ತೂತು ಸರಿಯಿದ್ರೆ ಸಾಕು.